ಇಟ್ಟಿಗೆಯ ಮೇಲಿನ ಹಸಿರು ಹೃದಯಗಳು

ಇದು ಎಪ್ಪತ್ತೆಂಟರ ಪಿತೃಪಕ್ಷದಲ್ಲಿ ಹನುಮಂತನಗರದಲ್ಲಿ ನಡೆದದ್ದೇ. ನಂಬದವರು ನಂಬಬೇಡಿ, ಶಾಂತವೀರಪ್ಪನೂ ಮೊದಲು ನಂಬಿರಲಿಲ್ಲ.

ತಾಪತ್ರಯಕ್ಕೆ ಕಾರಣ, ಅವನು ಬಚ್ಚಲಮನೆಯ ಹಿಂದೆ ಗಾಜಿನ ಜಾಡಿ ಕವುಚಿಟ್ಟಿದ್ದ ಒಂದು ಒದ್ದೆ ಇಟ್ಟಿಗೆ. ಅದರ ತುಂಬ ಕಿರುಬೆರಳ ಉಗುರಿನಷ್ಟು ಹಸಿರು ಹೃದಯಗಳು. ಜರೀಗಿಡದ ಎಲೆಯಡಿಯ ಪುಡಿಯಿಂದ ಮೊದಲು ಹುಟ್ಟುವುದು ಗಿಡವಲ್ಲ, ಈ ಹೃದಯ. ಇದರ ಹೊಟ್ಟೆಯಡಿ ಗಂಡೂ ಹೆಣ್ಣೂ ಒಂದೇ ವಠಾರದ ಬಾಡಿಗೆದಾರರಂತೆ ಕಾದಿರುತ್ತವೆ. ಮೈ ನೆನೆದರೆ ಸಾಕು, ಗಂಡುಕಣಗಳು ಈಜಿಹೋಗಿ ಸಂಸಾರ ಹೂಡುತ್ತವೆ. ನಾಳೆ ಕಾಲೇಜಿಗೆ ಬರುವ ತಜ್ಞರಿಗೆ ಆ ಈಜನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಶಾಂತವೀರಪ್ಪನ ಮೇಷ್ಟರ ಕೆಲಸ ಕಾಯಂ. ಅದಕ್ಕೇ ಇಟ್ಟಿಗೆಗೆ ತಳದಿಂದಷ್ಟೇ ನೀರುಣಿಸಿ, ಮೇಲೊಂದು ಹನಿ ಬೀಳದಂತೆ ಕಾಪಾಡಿದ್ದ.

"ಮೇಷ್ಟ್ರೇ, ಪಿತೃಪಕ್ಷದಲ್ಲಿ ಇದೇನ್ರೀ, ಗುಂಡಿಗೆ ಬೆಳೆಸ್ತಿದೀರಾ?" ಮನೆ ಒಡತಿ ಲಕ್ಷ್ಮಿದೇವಮ್ಮನ ಮುಖ ಬಿಳಿಚಿಕೊಂಡಿತ್ತು. "ನಮ್ಮ ಯಜಮಾನ್ರು ಗುಂಡಿಗೆ ನಿಂತು ಬಿದ್ದ ಜಾಗ ಅದೇ! ಸಂಜೆಯೊಳಗೆ ಎಸೀದಿದ್ರೆ ನಾನೇ ಒಡೆದು ಹಾಕ್ತೀನಿ."

ಶಾಂತವೀರಪ್ಪ ಪಕ್ಕದ ಮನೆಯ ಗೌರೀಶಂಕರನಲ್ಲಿಗೆ ಓಡಿದ. ಅಣಕು ಧ್ವನಿಯಲ್ಲಿ ಅವನು ಗ್ರಾಮಫೋನಿನಂತೆ. ಯಾರ ತಟ್ಟೆ ಇಟ್ಟರೂ ಅವರ ದನಿಯಲ್ಲೇ ಹಾಡುತ್ತಿದ್ದ.

"ಆಕೆಯ ಸತ್ತ ಯಜಮಾನ್ರು ಸಂಜೀವಯ್ಯನವರ ಥರ, 'ಲಚ್ಮೀ, ಮುಟ್ಟಬೇಡ' ಅಂತ ಒಂದ್ಮಾತು ಹೇಳು ಗುರು."

"ಸಖತ್ ಐಡಿಯಾ! ದೀಪ ಹಚ್ಚೋ ಹೊತ್ತಿಗೆ ಕಾಂಪೌಂಡ್ ಹಿಂದೆ ಇರ್ತೀನಿ. ನೀನು ನಗಬೇಡ ಮಗಾ, ಅಷ್ಟೇ."

ಸಂಜೆ ಲಕ್ಷ್ಮಿದೇವಮ್ಮ ಸೌದೆ ಎತ್ತಿಕೊಂಡೇ ಬಂದರು. ಗಾಳಿ ಸತ್ತಂತಿತ್ತು. ಗೋಡೆಯ ಮೇಲಿನ ಕಾಗೆಗಳೂ ಕೂಗು ನುಂಗಿ ಕೂತಿದ್ದವು. ಕಾಂಪೌಂಡಿನಾಚೆಯಿಂದ ಒಂದು ಒಣಕೆಮ್ಮು.

"ಲಚ್ಮೀ... ಮುಟ್ಟಬೇಡ."

ಸೌದೆ ಕೆಳಗೆ ಬಿತ್ತು. ಶಾಂತವೀರಪ್ಪ ಮನಸ್ಸಿನಲ್ಲೇ ಚಪ್ಪಾಳೆ ಹೊಡೆದ.

"ಬಾಯಾರಿಕೆ ಕಣೇ... ನೀರು..."

ಇದು ಒಪ್ಪಂದದಲ್ಲಿರಲಿಲ್ಲ! ಅವನು ನೆಗೆಯುವಷ್ಟರಲ್ಲಿ ಆಕೆ ಜಾಡಿ ಎತ್ತಿ, ತುಂಬಿದ ಬಿಂದಿಗೆಯನ್ನೇ ಬಗ್ಗಿಸಿದ್ದರು. "ಕುಡೀರಿ, ಹೊಟ್ಟೆ ತುಂಬ ಕುಡೀರಿ!" ಹೃದಯಗಳು ಮುಳುಗಿದವು. ಕಾಣದ ಲಗ್ನಗಳೆಲ್ಲ ಅಲ್ಲೇ ಶುರುವಾದವು, ನಾಳೆ ತಜ್ಞರಿಗೆ ತೋರಿಸಲು ಒಂದೂ ಉಳಿಯದಂತೆ. ಕಾಯಂ ಕೆಲಸಕ್ಕೆ ಎಳ್ಳುನೀರು ಬಿತ್ತು.

"ಲೋ ಪಾಪಿ, ಆ ಎರಡನೇ ಮಾತು ಯಾರೋ ಕೇಳಿದ್ದು ನಿನ್ನ?" ಶಾಂತವೀರಪ್ಪ ಕಾಂಪೌಂಡಿಗೆ ನೇತುಬಿದ್ದು ಅರಚಿದ. ಆಚೆ ಯಾರೂ ಇರಲಿಲ್ಲ.

ಮುಂದಿನ ಗೇಟು ಕಿರ್ರೆಂದಿತು. ಗೌರೀಶಂಕರ ಸೈಕಲ್ ತಳ್ಳಿಕೊಂಡು, ಬೆವರೊರೆಸುತ್ತ ಬಂದ. "ಸಾರಿ ಗುರು, ಪೇಟೆಗೆ ಹೋಗಿದ್ದೆ, ದಾರೀಲಿ ಪಂಕ್ಚರ್ ಆಯ್ತು. ಶುರು ಮಾಡ್ಲಾ?"

ಲಕ್ಷ್ಮಿದೇವಮ್ಮ ಇಬ್ಬರನ್ನೂ ನೋಡಿದರು. "ಓಹೋ! ನನ್ನ ಹೆದರಿಸೋಕೆ ಇವನನ್ನ ಗೊತ್ತು ಮಾಡಿದ್ರಾ? ಅವರೇ ಬಂದ್ರಲ್ರೀ!" ಎಂದು ನಗತೊಡಗಿದರು. "ಇನ್ನು ಇಟ್ಟಿಗೆ ಇಲ್ಲೇ ಇರ್ಲಿ. ನೀವೂ ಮನೆ ಬಿಡೋ ಹಾಗಿಲ್ಲ ಮೇಷ್ಟ್ರೇ. ದಿನಾ ಸಂಜೆ ಅವರ ಹತ್ರ ಕೂತು ಮಾತಾಡಿ. ಪಾಪ, ಒಬ್ಬರೇ."

ಗೌರೀಶಂಕರ ಹೆದರಿ ನಕ್ಕ. ಶಾಂತವೀರಪ್ಪನೂ ಹೇಗೋ ಹಲ್ಲು ಬಿಟ್ಟ. ಆದರೆ ಲಕ್ಷ್ಮಿದೇವಮ್ಮನ ನಗೆಯೇ ಎಲ್ಲಕ್ಕಿಂತ ಜೋರು. ಗೋಡೆಯಾಚೆ ಮತ್ತೆ ಎದ್ದ ಕೆಮ್ಮನ್ನೂ ಮುಚ್ಚುವಷ್ಟು ಜೋರು.