ನನ್ನ ಕೈಯ ಬೋಣಿ

ಮನುಷ್ಯನಾದವನಿಗೆ ಹೇಳಿಕೊಳ್ಳುವುದಕ್ಕೆ ಏನಾದರೂ ಒಂದು ಇರಬೇಕು. ನಮ್ಮ ಭಾವಮೈದುನ ತಬಲ ಬಾರಿಸುತ್ತಾನೆ. ಪಕ್ಕದ ಮನೆಯವರು ಹೋಮಿಯೋಪತಿ ಗುಳಿಗೆ ಕೊಡುತ್ತಾರೆ. ಅದರಿಂದ ಯಾರಿಗೂ ವಾಸಿಯಾದದ್ದನ್ನು ನಾನು ಕಂಡಿಲ್ಲ, ಆದರೂ ಸಂಜೆಯಾದರೆ ಅವರ ಗೇಟಿನ ಮುಂದೆ ಜನ ನಿಂತಿರುತ್ತಾರೆ. ನಮ್ಮ ಆಫೀಸಿನಲ್ಲಿ ಒಬ್ಬರು ಎಂಥ ಗಾಳಿಯಲ್ಲೂ ಒಂದೇ ಕಡ್ಡಿಯಲ್ಲಿ ಸಿಗರೇಟು ಹಚ್ಚುತ್ತಾರೆ, ಅವರಿಗೆ ಅದೇ ಒಂದು ಘನತೆ. ನನಗೆ ಮಾತ್ರ ಇಂಥದ್ದು ಯಾವುದೂ ಒಲಿದು ಬಂದಿರಲಿಲ್ಲ. ನಲವತ್ತರ ಹತ್ತಿರ ಬರುವವರೆಗೆ ಯಾರೂ ಯಾವ ಕಾರಣಕ್ಕೂ ನನ್ನನ್ನು ಹುಡುಕಿಕೊಂಡು ಬಂದವರಲ್ಲ. ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗೊತ್ತಾಯಿತು, ನನ್ನ ಬಲಗೈಯಲ್ಲಿ ಗುಣವಿದೆ ಎಂದು. ಅದನ್ನು ಕಂಡುಹಿಡಿದವರು ದಿನಸಿ ಅಂಗಡಿಯ ಶೆಟ್ಟರು. ಆ ಕೈಗುಣ ಹೇಗೆ ಬಂತು, ಹೇಗೆ ಹೋಯಿತು ಎನ್ನುವುದನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆ, ಆದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನಾವು ಅರಸೀಕೆರೆ ಕಡೆಯವರು. ಎಪ್ಪತ್ತರ ದಶಕದಲ್ಲಿ ಬನಶಂಕರಿಯಲ್ಲಿ ಒಂದು ಸೈಟು ಸಿಕ್ಕಿ, ಅದರ ಮೇಲೆ ಎರಡು ಕೋಣೆ ಕಟ್ಟಿಕೊಂಡು ಬಂದಾಗ ನಮ್ಮದೇ ಕೊನೆಯ ಮನೆ. ಅಲ್ಲಿಂದಾಚೆಗೆ ಕತ್ರಿಗುಪ್ಪೆಯವರೆಗೂ ರಾಗಿ ಹೊಲ. ವ್ಯಾಪಾರ ಎನ್ನುವ ಹೆಸರಿಗೆ ಇದ್ದದ್ದೆಂದರೆ ಹೊಂಗೆ ಮರದ ಕೆಳಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಕತ್ರಿಗುಪ್ಪೆಯ ಮುನಿಯಮ್ಮ ಒಬ್ಬಳೇ. ಲಾರಿಯಿಂದ ಇನ್ನೂ ಸಾಮಾನು ಇಳಿಸುತ್ತಿರುವಾಗಲೇ ನಮ್ಮಾಕೆ, ಸಾರಿಗೆ ಏನಾದರೂ ಸಿಗುತ್ತದೆಯೇ ನೋಡಿ ಬನ್ನಿ ಎಂದು ನನ್ನನ್ನು ಅಟ್ಟಿದಳು. ಮುನಿಯಮ್ಮ ಬೆಳಿಗ್ಗೆಯಿಂದ ಕೂತಿದ್ದಳಂತೆ, ನನ್ನದೇ ಮೊದಲ ವ್ಯಾಪಾರ. ದಂಟಿನ ಸೊಪ್ಪಿನ ಕಟ್ಟು ಕೊಟ್ಟು, ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಯಾವೂರು ಸಾಮಿ ನಿಮ್ದು?”

ಹೇಳಿದೆ.

“ಅಷ್ಟ್ ದೂರದಿಂದ ಇಲ್ಲಿಗ್ಯಾಕ್ ಬಂದ್ರಿ? ಇಲ್ಲೇನೈತೆ?”

“ಏನೂ ಇಲ್ಲ ಅಂತಾನೇ ಬಂದೆ ಕಣಮ್ಮ,” ಎಂದೆ. ಬಹಳ ಚೆನ್ನಾಗಿ ಮಾತಾಡಿದೆ ಎಂದುಕೊಂಡು, ಮನೆಗೆ ಬಂದು ನಮ್ಮಾಕೆಗೂ ಹೇಳಿದೆ. ಅವಳು ಸೊಪ್ಪಿನಲ್ಲಿ ಹುಳ ಇದೆಯೇ ಎಂದು ನೋಡುತ್ತಿದ್ದಳು.

ಮುಂದಿನ ವರ್ಷವೇ ಕೋಲಾರದ ಕಡೆಯಿಂದ ಶೆಟ್ಟರು ಬಂದು, ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ದಿನಸಿ ಅಂಗಡಿ ಇಟ್ಟರು. ಅಂಗಡಿ ತೆರೆದ ದಿನ ಆಫೀಸಿಗೆ ಹೊರಟಿದ್ದ ನಾನು ಸೀಗೆಪುಡಿ ಕೊಂಡೆ. ಅವತ್ತು ಸಂಜೆಯವರೆಗೆ ಶೆಟ್ಟರಿಗೆ ತಕ್ಕಡಿ ಕೆಳಗಿಡಲು ಪುರಸೊತ್ತಾಗಲಿಲ್ಲವಂತೆ. ಮಾರನೆಯ ದಿನ ಗೌರಿ ಹಬ್ಬ, ಯಾರು ಬೋಣಿ ಮಾಡಿದ್ದರೂ ವ್ಯಾಪಾರ ಆಗುತ್ತಲೇ ಇತ್ತು ಎನ್ನುವುದು ಬೇರೆ ಮಾತು. ಶೆಟ್ಟರು ನನ್ನ ಹಣೆಯ ವಿಭೂತಿ ನೋಡಿದರು, ತುಂಬಿದ ಗಲ್ಲಾಪೆಟ್ಟಿಗೆ ನೋಡಿದರು, ಎರಡಕ್ಕೂ ಗಂಟು ಹಾಕಿಬಿಟ್ಟರು. ಅಂದಿನಿಂದ ನಾನು ಬಸ್ಸಿಗೆ ಹೊರಟರೆ ಸಾಕು, “ಸ್ವಾಮಿ, ನಿಮ್ಮ ಕೈಯಿಂದ ಒಂದು ಬೋಣಿ ಆಗ್ಬಿಡ್ಲಿ,” ಎಂದು ಕರೆಯುತ್ತಿದ್ದರು. ಕರೆದರೆ ನನಗೂ ಸಂತೋಷವೇ. ಆಫೀಸಿನಲ್ಲಿ ಯಾರೂ ನನ್ನನ್ನು ಅಷ್ಟು ಪ್ರೀತಿಯಿಂದ ಕರೆದದ್ದಿಲ್ಲ.

ಬೋಣಿಗೆ ಅದರದೇ ಕಟ್ಟುಪಾಡುಗಳಿವೆ. ಗಿರಾಕಿ ಚೌಕಾಸಿ ಮಾಡಿ ಬರಿಗೈಯಲ್ಲಿ ಹೋಗಬಾರದು. ಅಂಗಡಿಯವನು ಬೋಣಿ ಗಿರಾಕಿಯ ಮುಂದೆ ‘ಇಲ್ಲ’ ಎನ್ನುವ ಮಾತು ಆಡಬಾರದು. ಬೆಳಿಗ್ಗೆ ಬೆಳಿಗ್ಗೆ ‘ಇಲ್ಲ’ ಎಂದರೆ ದಿನವಿಡೀ ಇಲ್ಲ ಎನ್ನುತ್ತಲೇ ಇರಬೇಕಾಗುತ್ತದೆ ಎಂದು ಅವರ ನಂಬಿಕೆ. ಈ ವಿಷಯದಲ್ಲಿ ಶೆಟ್ಟರು ಬಹಳ ಕಟ್ಟುನಿಟ್ಟು. ಒಂದು ದಿನ ಬೋಣಿಗೆ ನಾನು ಜಾಕಾಯಿ ಕೇಳಿದೆ. ಅವರ ಹತ್ತಿರ ಇರಲಿಲ್ಲ. ಬಾಯಿ ತೆರೆದರು, ಮುಚ್ಚಿದರು, ಕೊನೆಗೆ, “ಜಾಕಾಯಿ ಸಂಜೆಗೆ ಬರುತ್ತೆ ಸ್ವಾಮಿ, ಈಗ ಏಲಕ್ಕಿ ತಗೊಂಡಿರಿ,” ಎಂದರು. ಅಷ್ಟಕ್ಕೇ ಬಿಡಬಹುದಿತ್ತು. ಬೋಣಿ ಹೊತ್ತಿನಲ್ಲಿ ಆಡಿದ ಮಾತು ಸುಳ್ಳಾಗಬಾರದೆಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಬಸ್ಸು ಹಿಡಿದು ಪೇಟೆಗೆ ಹೋಗಿ ಒಂದೇ ಒಂದು ಜಾಕಾಯಿ ತಂದು ಮನೆಗೆ ತಲುಪಿಸಿದರು.

ಅಷ್ಟರಲ್ಲಿ ಹೊಲಗಳು ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಆಸ್ಪತ್ರೆಯ ಮಲಯಾಳಿ ನರ್ಸುಗಳು ಬಂದರು, ಕಾರ್ಖಾನೆಯ ತಮಿಳರು ಬಂದರು. ಶೆಟ್ಟರ ಪಕ್ಕದಲ್ಲಿ ಕೇರಳದ ಕುಟ್ಟಿ ಬೇಕರಿ ತೆರೆದ. ಬೆಳಗಿನ ಜಾವದ ಆ ವಾಸನೆಗೆ ಮೊದಮೊದಲು ನಮ್ಮ ಬೀದಿಯ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಗಂಡಸರು ವಾಯುಸೇವನೆ ಎಂದು ಎದ್ದು ಹೊರಗೆ ಹೋಗಲು ಶುರುಮಾಡಿದರು. ಕುಟ್ಟಿಯ ಪಕ್ಕದಲ್ಲಿ ರಾಜಸ್ಥಾನದ ಭವರ್‌ಲಾಲ್ ಮೊಳೆ, ಚಿಲಕ, ಪಾತ್ರೆಗಳ ಅಂಗಡಿ ಇಟ್ಟರು. ಶೆಟ್ಟರಿಗೆ ಬಾಯಿ ತಡೆಯದು. ನನ್ನ ಕೈಯ ಮಹಿಮೆಯನ್ನು ಇಬ್ಬರಿಗೂ ಹೇಳಿಬಿಟ್ಟರು. ಮೂವರ ಮನೆಮಾತು ಬೇರೆ, ಊಟ ಬೇರೆ, ದೇವರ ಪಟ ಬೇರೆ. ಆದರೆ ಮೊದಲ ನಾಣ್ಯವನ್ನು ಕಣ್ಣಿಗೊತ್ತಿಕೊಳ್ಳುವುದರಲ್ಲಿ ಮೂವರೂ ಒಂದೇ ತಾಯಿಯ ಮಕ್ಕಳು.

“ಸಾರೇ, ಒಂದು ಬನ್ನು ತಗೊಂಡು ಹೋಗಿ ಸಾರೇ,” ಎಂದು ಕುಟ್ಟಿ ಕರೆಯುತ್ತಿದ್ದ. ಅಲ್ಲಿಂದ ಶೆಟ್ಟರು. ಅಲ್ಲಿಂದ ಭವರ್‌ಲಾಲ್: “ಸಾಬ್, ನಿಮ್ದು ಕೈ ಲಗಾಯಿಸ್ದಿದ್ರೆ ನಮ್ದು ದಿನ ನಡೆಯಲ್ಲ.” ಮೊಳೆ ಅಂಗಡಿಯಲ್ಲಿ ದಿನಾ ಏನು ಕೊಳ್ಳುವುದು ಹೇಳಿ. ಒಂದು ದಿನ ಮೊಳೆ, ಒಂದು ದಿನ ಕೊಕ್ಕೆ, ಒಂದು ದಿನ ಕೀಲು. ಹೀಗೇ ತಿಂಗಳುಗಳಾದವು.

“ನಮ್ಮ ಮನೇಲಿರೋ ಮೊಳೆಗೆ ಗೋಡೆ ಸಾಲಲ್ಲ ಕಣ್ರೀ,” ಎಂದಳು ನಮ್ಮಾಕೆ. ಬನ್ನಿಗೆ ಮೊಟ್ಟೆ ಹಾಕಿರಬಹುದೆಂಬ ಗುಮಾನಿಯಿಂದ ಅವಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದ್ದರಿಂದ ಬೀದಿಯ ಹಸುವೊಂದು ದಿನಾ ನಮ್ಮ ಗೇಟಿಗೆ ಬಂದು ನನಗಾಗಿ ಕಾಯುತ್ತಿತ್ತು. ಮೂರು ಬೋಣಿ ಮುಗಿಸಿ, ಬನ್ನನ್ನು ವಾಪಸು ಹಸುವಿಗೆ ಮುಟ್ಟಿಸಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹಿಂದಿನ ಗಲ್ಲಿಯಿಂದ ತಪ್ಪಿಸಿಕೊಂಡು ಹೋಗಲು ಒಮ್ಮೆ ನೋಡಿದೆ. ಒಲೆಯ ಬೂದಿ ಸುರಿಯಲು ಅಲ್ಲಿಗೇ ಬಂದಿದ್ದ ಕುಟ್ಟಿ ನನ್ನನ್ನು ಕಂಡು, “ಅಯ್ಯೋ ಸಾರೇ, ದಾರಿ ತಪ್ಪಿತಾ?” ಎಂದು ಕೈಹಿಡಿದು ಅಂಗಡಿಗೆ ಕರೆದುಕೊಂಡು ಹೋದ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಶೆಟ್ಟರ ವ್ಯಾಪಾರ ಇಳಿಯುವವರೆಗೆ. ಹೊಸದಾಗಿ ಬಂದವರು ಕೇಳುವುದೇ ಬೇರೆ. ಒಬ್ಬರಿಗೆ ಕೆಂಪು ಕುಚ್ಚಲಕ್ಕಿ ಬೇಕು, ಇನ್ನೊಬ್ಬರಿಗೆ ರೊಟ್ಟಿಗೆ ನುಣ್ಣನೆಯ ಗೋಧಿ ಹಿಟ್ಟು. ಶೆಟ್ಟರು ಬೋಣಿಯಾದ ಮೇಲೆ ‘ಇಲ್ಲ’ ಎನ್ನಲು ಹಿಂದೆಮುಂದೆ ನೋಡುತ್ತಿರಲಿಲ್ಲ: “ಅದೆಲ್ಲ ನಮ್ಮಲ್ಲಿಲ್ಲಮ್ಮ, ಪೇಟೆಗೆ ಹೋಗಿ.” ಅವರು ಪೇಟೆಗೇ ಹೋದರು, ಬೇಳೆ ಬೆಲ್ಲವನ್ನೂ ಅಲ್ಲಿಂದಲೇ ತಂದರು. ಶೆಟ್ಟರಿಗೆ ಇದು ಕಾರಣವೆಂದು ಹೊಳೆಯಲೇ ಇಲ್ಲ. ಅವರ ಲೆಕ್ಕದಲ್ಲಿ ತಪ್ಪೆಲ್ಲ ನನ್ನ ಕೈಯದು. “ಕುಟ್ಟಿ ಅಂಗಡಿ ನಮಗಿಂತ ಮುಂಚೆ ತೆಗೀತಾನೆ ಸ್ವಾಮಿ. ನಿಮ್ಮ ಕೈ ಇಲ್ಲಿಗೆ ಬರೋ ಹೊತ್ತಿಗೆ ಖಾಲಿಯಾಗಿರುತ್ತೆ,” ಎಂದರು. ಕುಟ್ಟಿಗಿಂತ ಮೊದಲೇ ಬಾಗಿಲು ತೆರೆಯತೊಡಗಿದರು. ಕುಟ್ಟಿ ಇನ್ನೂ ಮುಂಚೆ ತೆರೆದ. ಸ್ನಾನ ಪೂಜೆ ಮುಗಿಸಿ ನಿಧಾನವಾಗಿ ಬರುತ್ತಿದ್ದ ಭವರ್‌ಲಾಲ್ ಕೂಡ ಕಂಬಳಿ ಹೊದ್ದುಕೊಂಡು, ಚಿಲಕಗಳ ಮಧ್ಯೆ ತೂಕಡಿಸುತ್ತ ಕೂರುವಂತಾಯಿತು.

ಒಂದು ಭಾನುವಾರ ಶೆಟ್ಟರು ನಮ್ಮ ಮನೆಗೇ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, “ದೀಪಾವಳಿ ಮುಗಿಸಿಕೊಂಡು ಅಂಗಡಿ ಮುಚ್ಚಿ ಊರಿಗೆ ಹೋಗಿಬಿಡೋಣ ಅಂತಿದೀನಿ ಸ್ವಾಮಿ,” ಎಂದರು. ನಮ್ಮಾಕೆ ಟೈಫಾಯ್ಡ್‌ನಲ್ಲಿ ಮಲಗಿದ್ದಾಗ ಶೆಟ್ಟರ ಮನೆಯಿಂದಲೇ ಗಂಜಿ ಬರುತ್ತಿತ್ತು. ಊರು ಬಿಟ್ಟು ಬಂದ ನಮಗೆ ಇಲ್ಲಿ ಮೊದಲು ಸಿಕ್ಕಿದ ನಂಟರು ಅವರೇ. ಅವರ ಅಂಗಡಿಗೆ ಬೀಗ ಬೀಳುವುದಾದರೆ, ಅದೂ ನನ್ನ ಕೈಯಿಂದಲೇ ಎಂದಾದರೆ, ಆ ಕೈಯಲ್ಲಿ ಅನ್ನ ತಿನ್ನುವುದಾದರೂ ಹೇಗೆ?

ಅವರು ಹೋದ ಮೇಲೆ ನಮ್ಮಾಕೆ ಹೂ ಕಟ್ಟುತ್ತ, “ನೀವೊಬ್ರೇ ಯಾಕೆ ಒದ್ದಾಡ್ತೀರಿ? ಅವರವರೇ ಒಬ್ಬರಿಗೊಬ್ಬರು ಬೋಣಿ ಮಾಡ್ಕೊಳ್ಳಲಿ,” ಎಂದಳು.

ಈ ಉಪಾಯವನ್ನು ನಾನು ಮಾರನೆಯ ದಿನವೇ ನನ್ನ ಸ್ವಂತದ್ದೆಂದು ಮೂವರ ಮುಂದಿಟ್ಟೆ. ನನ್ನ ಗ್ರಹಚಾರ ಸರಿಯಿಲ್ಲವೆಂದೂ ಯುಗಾದಿಯವರೆಗೆ ನನ್ನ ಕೈಯನ್ನು ಬೋಣಿಗೆ ಬಳಸಬಾರದೆಂದೂ ಹೇಳಿದೆ. ಶೆಟ್ಟರಿಗೆ ಕುಟ್ಟಿ ಬೋಣಿ ಮಾಡುವುದು, ಭವರ್‌ಲಾಲ್‌ಗೆ ಶೆಟ್ಟರು, ಕುಟ್ಟಿಗೆ ಭವರ್‌ಲಾಲ್ ಎಂದು ತೀರ್ಮಾನವಾಯಿತು. ಮೊದಲ ದಿನ ಬೆಳಿಗ್ಗೆ ಮೂವರೂ ಒಂದೇ ಹೊತ್ತಿಗೆ ತಮ್ಮ ತಮ್ಮ ಅಂಗಡಿ ಬಿಟ್ಟು ಹೊರಟರು. ಕುಟ್ಟಿ ಶೆಟ್ಟರ ಅಂಗಡಿಯಲ್ಲಿ, ಶೆಟ್ಟರು ಭವರ್‌ಲಾಲ್ ಅಂಗಡಿಯಲ್ಲಿ, ಭವರ್‌ಲಾಲ್ ಬೇಕರಿಯಲ್ಲಿ ನಿಂತು, “ಯಾರ್ರೀ ಅಂಗಡೀಲಿ?” ಎಂದು ಕೂಗಿದ್ದೇ ಕೂಗಿದ್ದು. ಹೊಂಗೆ ಮರದ ಕೆಳಗೆ ಮುನಿಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಸರದಿಯ ಪ್ರಕಾರ ಹೋಗಬೇಕೆಂದು ನಾನೇ ಹೇಳಿಕೊಡಬೇಕಾಯಿತು.

ಎರಡನೆಯ ದಿನ ಕುಟ್ಟಿ ಶೆಟ್ಟರ ಮುಂದೆ ನಿಂತು, ತನಗೆ ಬೇಕಾದದ್ದನ್ನೇ ಕೇಳಿದ: “ಕೆಂಪು ಕುಚ್ಚಲಕ್ಕಿ ಕೊಡಿ ಸೆಟ್ಟರೇ.” ಶೆಟ್ಟರ ಬಾಯಿ ತೆರೆಯಿತು, ಮುಚ್ಚಿತು. ನಾನು ಪಕ್ಕದಲ್ಲೇ ಇದ್ದೆ. ಜಾಕಾಯಿಯ ದಿನದ ಅದೇ ಮುಖ. “ನಾಳೆ ಬರುತ್ತೆ ಕುಟ್ಟಿ, ಈಗ ಉಪ್ಪು ತಗೊಂಡಿರು,” ಎಂದರು. ಮಾರನೆಯ ದಿನ ಒಂದು ಮೂಟೆ ಬಂತು. ಒಂದು ಮೂಟೆ ಅಕ್ಕಿಯನ್ನು ಕುಟ್ಟಿ ಒಬ್ಬನೇ ಉಣ್ಣುವುದುಂಟೇ? ನರ್ಸುಗಳಿಗೆ ಹೇಳಿದ. ಅಕ್ಕಿಗೆ ಬಂದವರು ಬೇಳೆ ಬೆಲ್ಲವನ್ನೂ ಅಲ್ಲೇ ಕೊಂಡರು. ಅತ್ತ ಭವರ್‌ಲಾಲ್ ಬೇಕರಿಯಲ್ಲಿ ನಿಂತು, ಮೊಟ್ಟೆ ಮುಟ್ಟಿಸದ ಬಿಸ್ಕತ್ತು ಇದೆಯೇ ಎಂದು ಕೇಳಿದರು. ಕುಟ್ಟಿಯೂ ‘ಇಲ್ಲ’ ಎನ್ನುವ ಹಾಗಿಲ್ಲ. ಅದಕ್ಕೆಂದೇ ಬೇರೆ ತಟ್ಟೆ, ಬೇರೆ ಡಬ್ಬ ಬಂತು, ಗುಮಾನಿಯ ನಮ್ಮಾಕೆಯೇ ಡಬ್ಬ ಹಿಡಿದು ಹೋಗಿ ತರುವಂತಾಯಿತು. ಶೆಟ್ಟರು ಮೊಳೆ ಅಂಗಡಿಯಲ್ಲಿ ಈಳಿಗೆ ಮಣೆ ಕೇಳಿದರು. ಭವರ್‌ಲಾಲ್ ಅದನ್ನು ಜನ್ಮದಲ್ಲಿ ಕಂಡವರಲ್ಲ, ಆದರೂ “ಪರ್ಸೋ, ನಾಡಿದ್ದು ಬರ್ತದೆ,” ಎಂದರು, ತರಿಸಿದರು. ದೀಪಾವಳಿ ಬಂತು, ಹೋಯಿತು. ಶೆಟ್ಟರು ಊರಿಗೆ ಹೋಗುವ ಮಾತು ಎತ್ತಲಿಲ್ಲ, ಗೋಧಿ ಹಿಟ್ಟಿಗೆಂದು ಅಂಗಡಿಗೆ ಇನ್ನೊಂದು ಹಲಗೆ ಹೊಡೆಸಿದರು. ಮೊಳೆ ನಾನೇ ಕೊಟ್ಟೆ.

ನಾನು ನೆಮ್ಮದಿಯಾಗಿರಬೇಕಾಗಿತ್ತು. ಆದರೆ ಯುಗಾದಿ ಕಳೆದು, ಗ್ರಹಗಳು ಸರಿಹೋದವೆಂದು ಸಾರಿ, ವಿಭೂತಿಯನ್ನು ಸ್ವಲ್ಪ ದಪ್ಪವಾಗಿಯೇ ಬಳಿದುಕೊಂಡು ಹೊರಟರೆ, ಯಾರೂ ಕರೆಯಲಿಲ್ಲ. ಕುಟ್ಟಿ ನಗುತ್ತ ಕೈ ಬೀಸಿದ. ಶೆಟ್ಟರು, “ಬೋಣಿ ಆಗೋಯ್ತು ಸ್ವಾಮಿ, ನೀವು ಆರಾಮಾಗಿ ಹೋಗ್ಬನ್ನಿ,” ಎಂದರು. ಬೋಣಿ ಬಿಟ್ಟಂದಿನಿಂದ ಬಸ್ಸು ದಿನಾ ಸರಿಯಾದ ಹೊತ್ತಿಗೆ ಸಿಗುತ್ತಿತ್ತು, ಅವತ್ತೂ ಸಿಕ್ಕಿತು. ಆಫೀಸಿನಲ್ಲಿ ಮ್ಯಾನೇಜರು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಆಗಲೇ ವಿಚಾರಿಸಿದ್ದರು. ಹಸು ಕೂಡ ಎಂದೋ ಬೇರೆ ಗೇಟು ಹುಡುಕಿಕೊಂಡಿತ್ತು. ನನಗೆ ನಿಜವಾಗಿ ಬೇಸರವಾಯಿತು.

ಕೊನೆಗೆ ಒಂದು ಬೆಳಿಗ್ಗೆ ಮುನಿಯಮ್ಮನ ನೆನಪಾಯಿತು. ಹೊಲವೆಲ್ಲ ಹೋಗಿದ್ದರೂ ಅವಳು ಮಾತ್ರ ಅದೇ ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ಸೊಪ್ಪು ಈಗ ಬೇರೆಲ್ಲಿಂದಲೋ ಬರುತ್ತಿತ್ತು. ಬುಟ್ಟಿ ಆಗತಾನೇ ಇಳಿದಿತ್ತು. “ಮುನಿಯಮ್ಮ, ಇವತ್ತು ನಂದೇ ಬೋಣಿ. ಒಂದು ಕಟ್ಟು ದಂಟು ಕೊಡು,” ಎಂದು ಕೈ ಮುಂದೆ ಮಾಡಿದೆ. ಅವಳು ಬುಟ್ಟಿಯನ್ನೇ ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಸಾಮಿ. ವಸಿ ಆ ಕಡೆ ನಿಂತ್ಕಳಿ. ಬ್ಯಾರೆ ಯಾರಾದ್ರೂ ಬರ್ಲಿ, ಆಮೇಲೆ ಕೊಡ್ತೀನಿ.”

ಆಗ ನೆನಪು ಮಾಡಿಕೊಂಡೆ. ಇಷ್ಟು ವರ್ಷ ಅವಳ ಹತ್ತಿರ ಸೊಪ್ಪು ಕೊಂಡಿದ್ದೇನೆ, ಆ ಮೊದಲ ದಿನ ಬಿಟ್ಟರೆ ಒಂದು ಸಲವೂ ನನ್ನಿಂದ ಬೋಣಿ ಮಾಡಿಸಿಕೊಂಡವಳಲ್ಲ.

“ಯಾಕಮ್ಮ, ನನ್ನ ಕೈಗುಣದ ಮೇಲೆ ನಿಂಗೆ ನಂಬಿಕೆ ಇಲ್ವಾ?”

“ನಿಮ್ ಕೈಗುಣ ನಂಗ್ ಗೊತ್ತಿರೋ ಅಷ್ಟು ಈ ಬೀದೀಲಿ ಯಾರಿಗ್ ಗೊತ್ತು ಸಾಮಿ?” ಎಂದಳು ಮುನಿಯಮ್ಮ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು. “ಅವತ್ತು ಒಂದ್ ಕಟ್ಟು ದಂಟು ತಗಂಡ್ರಿ. ಅಷ್ಟೇ. ಹಿಂದ್ಗಡೆನೇ ಸೆಟ್ರು ಬಂದ್ರು, ಬನ್ನಿನೋರು ಬಂದ್ರು, ಮೊಳೆಯೋರು ಬಂದ್ರು. ಇನ್ನೂ ಬರ್ತಾನೇ ಅವ್ರೆ. ನಮ್ ಹೊಲ ಹೋಯ್ತು, ಕಣ ಹೋಯ್ತು. ಉಳಿದಿರೋದು ಈ ಮರದ ನೆಳ್ಳೊಂದು. ಇನ್ನೊಂದ್ ಕಿತ ನೀವ್ ಬೋಣಿ ಮಾಡಿದ್ರೆ ನಾನೆಲ್ ಕೂತ್ಕಳ್ಳಿ?”

ಹೇಳಿ ನಕ್ಕಳು. ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ. ನಾನೂ ನಕ್ಕೆ, ಆದರೆ ಒಂದಿಷ್ಟು ತಡವಾಗಿ. ಅಷ್ಟರಲ್ಲಿ ಭವರ್‌ಲಾಲ್ ಅವರ ಹೆಂಡತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಬಂದು, ಮೆಂತ್ಯದ ಸೊಪ್ಪನ್ನು ರಾಶಿಯಾಗಿ ಕೊಂಡರು. ಮುನಿಯಮ್ಮ ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ನನ್ನ ಕಡೆ ತಿರುಗಿ ದಂಟಿನ ಕಟ್ಟು ಕೊಟ್ಟಳು, ಕೊಸರಿಗೆ ಕೊತ್ತಂಬರಿಯನ್ನೂ ಹಾಕಿದಳು.

ಮುನಿಯಮ್ಮ ಈಗಲೂ ಅಲ್ಲೇ ಕೂರುತ್ತಾಳೆ. ಸೊಪ್ಪು ತರಲು ಹೋದಾಗ ಬುಟ್ಟಿ ಇನ್ನೂ ತುಂಬಿದ್ದರೆ, ಇಡೀ ಬೀದಿಗೇ ಬೋಣಿ ಮಾಡಿದ ಈ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಯಾರಾದರೂ ಮೊದಲು ಬರಲಿ ಎಂದು ಹೊಂಗೆ ಮರದಿಂದ ಸ್ವಲ್ಪ ದೂರದಲ್ಲಿ ನಿಂತಿರುತ್ತೇನೆ.