ಡೈರಿ ಬಾಗಿಲಿಗೆ ಬಂದ ನೆಟ್ ಬೀಗ

ಹಳ್ಳಿ ಡೈರಿಯ ಸೆಕ್ರೆಟರಿಯಾದವನಿಗೆ ದಿನಕ್ಕೊಂದು ತಲೆನೋವು ತಪ್ಪಿದ್ದಲ್ಲ. ಹಾಲಿಗೆ ನೀರು ಬೆರೆಸಿ ನಮ್ಮ ಮಿಷನ್ನೇ ಸುಳ್ಳು ಹೇಳುತ್ತದೆ ಅನ್ನುವವರನ್ನು ಸಹಿಸಿದ್ದೇನೆ, ಹಸುಗಳ ಫೀಡು ಬರಲಿಲ್ಲ ಅಂತ ಕೊರಳಪಟ್ಟಿ ಹಿಡಿಯಲು ಬಂದವರನ್ನೂ ಸಹಿಸಿದ್ದೇನೆ. ಆದರೆ ಆ ಬೀಗದ ಮಾತೆತ್ತಿದರೆ ಈಗಲೂ ಮೈ ಉರಿಯುತ್ತದೆ.

೧. ಟೀ ಅಂಗಡಿಯ ಮೊಳೆ

ನಮ್ಮೂರು ತಿ. ನರಸೀಪುರದಿಂದ ಹೆಮ್ಮಿಗೆ ಕಡೆಗೆ ಹೋಗುವ ದಾರಿಯಲ್ಲಿದೆ. ಡೈರಿಯ ಬೀಗದಕೈ ಎದುರಿನ ಟೀ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಯಾರು ಮೊದಲು ಹಾಲು ತರುತ್ತಾರೋ ಅವರೇ ಬಾಗಿಲು ತೆಗೆದು ದೀಪ ಹಾಕುವುದು ರೂಢಿ. ಒಂದು ಲೋಟ ಹಾಲೂ ಕಳುವಾದದ್ದಿಲ್ಲ.

ನಮ್ಮ ಅಧ್ಯಕ್ಷರು ನಂಜನಗೂಡಿನ ನೆಂಟರ ಮನೆಗೆ ಹೋಗಿ, ಮೊಬೈಲು ಒತ್ತಿದರೆ ತೆರೆಯುವ ಬಾಗಿಲು ನೋಡಿ ಬಂದರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಡೈರಿಗೂ ಅಂಥದ್ದೇ ಬೀಗ ಹಾಕಿಸಿದರು. ಯಾಕೆ ಬೇಕಿತ್ತು ಅಂದೆ. ಯಾರು ಯಾವಾಗ ಬಾಗಿಲು ತೆಗೆದರು ಅನ್ನುವುದು ಇನ್ನು ತಮ್ಮ ಮೊಬೈಲಿಗೇ ಬರುತ್ತದೆ ಅಂದರು. ಅಂದರೆ ಕಳ್ಳ ನಾನು ಅಂತ ಅರ್ಥ. ಸಿಟ್ಟು ನೆತ್ತಿಗೇರಿ, ಟೀ ಅಂಗಡಿಯವನ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಅವನು ಖಾಲಿ ಮೊಳೆ ನೋಡಿ, "ಇನ್ಮೇಲೆ ಇದ್ಕೆ ಅಧ್ಯಕ್ಷರನ್ನೇ ನೇತಾಕನ ಬುಡಿ ಸಾ," ಅಂದ.

೨. ಗುಟ್ಟಿನ ನಂಬರು

ಬೀಗ ತೆಗೆಯಲು ಪ್ರತಿ ಸಲ ನನ್ನ ಮೊಬೈಲಿಗೆ ಒಂದು ಹೊಸ ನಂಬರು ಬರಬೇಕು. ಅದು ಬರುವುದು ನೆಟ್‌ನಲ್ಲಿ; ನಮ್ಮೂರಲ್ಲಿ ಫೋನಿನಲ್ಲಿ ಮಾತಾಡುವಷ್ಟು ಸಿಗ್ನಲ್ಲು ಇದ್ದರೂ ಮೊಬೈಲಿಗೆ ನೆಟ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ನಂಬರು ನೋಡಿ ಇಳಿದು ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ಹಾಗಾಗಿ ನಾನು ದಿನಾ ಬೆಳಿಗ್ಗೆ ಟ್ಯಾಂಕು ಹತ್ತಿ, ಯಾರಿಗೂ ಹೇಳಬೇಡಿ ಎಂದು ಬಂದ ನಂಬರನ್ನು ಊರಿಗೆಲ್ಲ ಕೇಳುವಂತೆ ಕೂಗಬೇಕು, ಬಾಗಿಲ ಬಳಿ ನಿಂತವರು ಒತ್ತಬೇಕು.

ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವಳು ಒಬ್ಬ ಅಜ್ಜಿ. ಇರುವುದು ಒಂದೇ ಹಸು, ಅದರ ಹಾಲಿನಲ್ಲೇ ಜೀವನ. ನಾನು ಏದುಸಿರು ಬಿಡುತ್ತ ಇಳಿದು ಬಂದಾಗ ಅವಳು ಕೇಳಿದಳು: "ಒತ್ತಾರೆ ಎದ್ದು ಇಂಗ್ ಕೂಗ್ತಿಯಲ್ಲ ಮಗ, ಕಳ್ರು ನಿದ್ದೆ ಮಾಡದ್ ಬ್ಯಾಡ್ವಾ?"

೩. ಡಬ್ಬಿ ಒಳಗೆ, ನಾನು ಹೊರಗೆ

ಬೀಗಕ್ಕೆ ನೆಟ್ ಕೊಡುವ ಡಬ್ಬಿಯನ್ನು ಅಧ್ಯಕ್ಷರು ಡೈರಿಯ ಒಳಗಡೆ ಇಡಿಸಿದ್ದರು. ಕರೆಂಟು ಹೋಗಿ ಬಂದ ಒಂದು ಬೆಳಿಗ್ಗೆ ಡಬ್ಬಿ ಸತ್ತಿತು, ಬೀಗ ಕಲ್ಲಾಯಿತು. ಬೀಗದ ಕಂಪನಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ, ಡಬ್ಬಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂದಳು. ಡಬ್ಬಿ ಒಳಗಿದೆಯಮ್ಮ ಅಂದೆ. ಹಾಗಾದರೆ ಬಾಗಿಲು ತೆಗೆದು ಒಳಗೆ ಹೋಗಿ ಅಂದಳು. ಬಾಗಿಲು ತೆಗೆಯಲು ಡಬ್ಬಿ ಬೇಕು, ಡಬ್ಬಿ ಮುಟ್ಟಲು ಬಾಗಿಲು ತೆಗೆಯಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು.

ಡಬ್ಬಿ ತಾನಾಗಿ ಜೀವ ತಳೆಯುವಷ್ಟರಲ್ಲಿ ಹಾಲಿನ ಲಾರಿ ಬಂದು ಹೋಗಿತ್ತು. ಬಿಸಿಲಿಗೆ ಅಜ್ಜಿಯ ಹಾಲು ಒಡೆದಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಬೈಯಲೂ ಇಲ್ಲ. "ನನ್ ಅಸೀಗೆ ಯಾವ ನೆಟ್ಟೂ ಬ್ಯಾಡ ಕಣ್ ಮಗ, ಒತ್ತಿಗೆ ಸರ್ಯಾಗಿ ಆಲು ಕೊಡ್ತದೆ," ಅಂದಳು.

೪. ಒಪ್ಪಿದ ಬೆರಳು

ಅವತ್ತು ನಾನು ಅಧ್ಯಕ್ಷರ ಮೇಲೆ ಹರಿಹಾಯ್ದೆ. ನೆಟ್ ಇಲ್ಲದೆ ತೆರೆಯುವ ದಾರಿ ಮಾಡಿ, ಇಲ್ಲ ನಾಳೆಯಿಂದ ನೀವೇ ಟ್ಯಾಂಕು ಹತ್ತಿ ಅಂದೆ. ಮೈಸೂರಿನಿಂದ ಮೆಕ್ಯಾನಿಕ್ ಬಂದ. ಒಂದೇ ನಂಬರು ಖಾಯಂ ಇಟ್ಟುಬಿಟ್ಟರೆ ನೆಟ್ ಬೇಡ ಅಂದ. ಅದು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅಧ್ಯಕ್ಷರು ಒಪ್ಪಲಿಲ್ಲ. ಇಷ್ಟು ದಿನ ನಾನು ಟ್ಯಾಂಕಿನ ಮೇಲೆ ಕೂಗಿದ್ದು ಅವರಿಗೆ ಸುಪ್ರಭಾತ ಅನ್ನಿಸಿತ್ತೇನೋ.

ಕೊನೆಗೆ ಬೆರಳಿನ ಗುರುತು ಅಂತ ಆಯಿತು. ನಾನು ಬೆರಳಿಟ್ಟೆ, ಕೆಂಪು ದೀಪ. ಅಜ್ಜಿ ಇಟ್ಟಳು, ಕೆಂಪು. ಸಾಲಿನಲ್ಲಿದ್ದವರೆಲ್ಲ ಇಟ್ಟರೂ ಕೆಂಪೇ. ಹಾಲು ಕರೆದು, ಸಗಣಿ ಬಾಚಿ ನಮ್ಮ ಬೆರಳಿನ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಅಧ್ಯಕ್ಷರು ಇಟ್ಟರು, ತಕ್ಷಣ ಹಸಿರು ದೀಪ ಹತ್ತಿತು. ಅವರು ಹಿಗ್ಗಿ ಸುತ್ತ ನೋಡಿದರು. "ಇರ್ಲಿ ಬುಡಪ್ಪ," ಅಂದಳು ಅಜ್ಜಿ, "ಕೆಲ್ಸ ಕಾಣದ್ ಬೆರಳೂ ಒಂದ್ ಕೆಲ್ಸುಕ್ ಬಂತು."

೫. ನೆಟ್ ಇಲ್ಲದೆ ತೆಗೆದದ್ದು

ನಾನು ಟ್ಯಾಂಕು ಹತ್ತುವುದು ತಪ್ಪಲಿಲ್ಲ, ಡಬ್ಬಿ ಕೈಕೊಟ್ಟರೆ ಮಾತ್ರ ಅಧ್ಯಕ್ಷರ ಬೆರಳು ಎಂದಾಯಿತು. ಮತ್ತೊಂದು ಬೆಳಿಗ್ಗೆ ಡಬ್ಬಿ ಸತ್ತಿತು. ಬೆರಳು ಕರೆಯೋಣವೆಂದರೆ ಅಧ್ಯಕ್ಷರು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ತಗಡೂರಿಗೆ ಹೋಗಿದ್ದಾರೆ, ಬೆರಳೂ ಜೊತೆಗೇ ಹೋಗಿದೆ. ಕಂಪನಿಯ ಹುಡುಗಿಗೆ ಫೋನು ಮಾಡಿದೆ. ವಿಚಾರಿಸಿ ತಿರುಗಿ ಮಾಡುತ್ತೇನೆ ಅಂದಳು.

ಅಜ್ಜಿ ಕ್ಯಾನು ಎತ್ತಿಕೊಂಡು ನಡೆದಳು. ಸಾಲು ಪೂರ್ತಿ ಅವಳ ಹಿಂದೆ ಹೊರಟಿತು. ಅಧ್ಯಕ್ಷರ ಮನೆಗೆ ನುಗ್ಗಿದವರು ಕೊಡ, ಕೊಳದಪ್ಪಲೆ, ಕೊನೆಗೆ ಬಚ್ಚಲ ಹಂಡೆಗೂ ಹಾಲು ಸುರಿಯಲು ಹೊರಟರು. ಅಧ್ಯಕ್ಷರ ಹೆಂಡತಿ ಕೂಗಾಡುತ್ತ ಬಂದರು. ಅಜ್ಜಿ ನಿಧಾನವಾಗಿ ಹೇಳಿದಳು: "ಬೀಗ ನಿನ್ ಗಂಡುನ್ ಬೆರಳಲ್ಲಿ ಅದೆ. ಬೆರಳು ತಗಡೂರಲ್ಲಿ ಅದೆ. ಆಲು ಎಲ್ಲಿ ಉಯ್ಯನ, ನೀನೇ ಏಳವ್ವ."

ಆಯಮ್ಮ ಗಂಡನಿಗೆ ಫೋನು ಮಾಡಿದರು. ಊಟ ಮುಗಿಸಿಕೊಂಡು ಬರುತ್ತೇನೆ, ಅಲ್ಲಿಯತನಕ ಸಂಭಾಳಿಸು ಎಂದರಂತೆ. ಫೋನು ಕುಕ್ಕಿ, ಕೊಟ್ಟಿಗೆಯಿಂದ ಹಾರೆ ತೆಗೆದುಕೊಂಡು ಸೆರಗು ಬಿಗಿದು ಡೈರಿಗೆ ನಡೆದರು. ನನ್ನೊಳಗಿದ್ದ ಅಷ್ಟು ದಿನದ ಸಿಟ್ಟನ್ನೂ ಆಯಮ್ಮನೇ ತೀರಿಸಿದರು ಅನ್ನಬೇಕು. ಬೀಗ ಚೌಕಟ್ಟಿನ ಚೂರಿನ ಸಮೇತ ಕಿತ್ತು ಬಂತು. ಲಾರಿ ಹಾರ್ನ್ ಹೊಡೆಯುವ ಹೊತ್ತಿಗೆ ಹಾಲು ಹಾಕಿಸಿಕೊಳ್ಳಲು ಶುರುಮಾಡಿದ್ದೆ, ಅಜ್ಜಿಯದೇ ಮೊದಲು.

ಆಗ ಕಂಪನಿಯ ಹುಡುಗಿಯ ಫೋನು ಬಂತು. ಬಾಗಿಲು ತೆಗೆಯಿತಾ ಸರ್ ಅಂದಳು. ತೆಗೆಯಿತು ಅಂದೆ.

"ಓ, ನೆಟ್ ಬಂತಾ ಸರ್?"

"ಇಲ್ಲ ಕಣಮ್ಮ, ಅಧ್ಯಕ್ಷರ ಹೆಂಡ್ತಿ ಬಂದ್ರು."