ಟೆರಿಲಿನ್ ಮುಡಿಪು

ನಮ್ಮ ಸೋದರಮಾವನ ಹತ್ತಿರ ಪ್ಯಾಂಟು ಹೊಲಿಸಲು ಹೋದ ಹೊಸ ಪದವೀಧರ ದಾನಿಯಾಗದೆ ಹೊರಗೆ ಬಂದದ್ದಿಲ್ಲ. ಎಪ್ಪತ್ತರ ದಶಕದ ಮಾತು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಹೊಲಿಗೆ ಅಂಗಡಿ. ಓದಿದ್ದು ನಾಲ್ಕನೇ ತರಗತಿ. ವಿಶ್ವವಿದ್ಯಾಲಯದ ಮೇಲಿನ ಭಕ್ತಿ ಮಾತ್ರ ಮನೆದೇವರ ಮೇಲಿನದಕ್ಕಿಂತ ಒಂದು ಗೇಣು ಹೆಚ್ಚು.

ದೇವರಿಗೆ ಹರಕೆ ಹೊತ್ತು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟುವುದಿಲ್ಲವೆ? ಮಾವ ಹುಡುಗರಿಂದ, ಅವರನ್ನು ಓದಿಸಿದ ವಿಶ್ವವಿದ್ಯಾಲಯಕ್ಕೆ ಮುಡಿಪು ಕಟ್ಟಿಸುತ್ತಿದ್ದ. ಇಂಟರ್‌ವ್ಯೂ ಪ್ಯಾಂಟು ಹೊಲಿದು ಉಳಿದ ಬಟ್ಟೆಯ ತುಂಡನ್ನು ಅರಿಸಿನದ ನೀರಿಗೆ ಅದ್ದಿ, ಒಂದು ರೂಪಾಯಿ, ಒಂದು ಚೀಟಿ ಇಟ್ಟು ಗಂಟು. ಚೀಟಿಯಲ್ಲಿ ಹುಡುಗನ ಹೆಸರು, ಪದವಿ, ಮೊದಲ ಸಂಬಳದಲ್ಲಿ ಏನು ಕೊಡುತ್ತಾನೆ, ಸತ್ತ ಮೇಲೆ ಏನು ಬಿಟ್ಟುಹೋಗುತ್ತಾನೆ ಎಂಬ ಮಾತು. ಗಂಟು ಬೀಳದೆ ಪ್ಯಾಂಟಿಗೆ ಗುಂಡಿ ಬೀಳುತ್ತಿರಲಿಲ್ಲ.

ಸಾಸ್ವೆಹಳ್ಳಿಯ ತಾಯಿಯೊಬ್ಬಳು ಜಗಳಕ್ಕೇ ಬಂದಳು. “ಮದುವೆ ಆಗದ ಹುಡುಗನ ಕೈಲಿ ಸಾಯೋ ಮಾತು ಬರೆಸೀರಲ್ರೀ, ನಾಚಿಕೆ ಆಗಲ್ವಾ?”

“ತಾಯಿ, ಮುಂದೆ ದಪ್ಪ ಆಗ್ತಾನೆ ಅಂತ ಪ್ಯಾಂಟಿನೊಳಗೆ ಎರಡಿಂಚು ಮಡಚಿ ಬಿಟ್ಟೀನಿ. ಅದಕ್ಕೆ ಬೈಲಿಲ್ಲ. ಇದೂ ಹಂಗೇ.”

ಟೆರಿಲಿನ್ ಎಂಬ ಕೃತಕ ನೂಲಿನ ಬಟ್ಟೆ ಬಂದ ಮೇಲೆ ಮಾವನಿಗೆ ಹೊಸ ಸಂಕಟ. ಎಷ್ಟು ನೆನೆಸಿದರೂ ಅರಿಸಿನ ಹತ್ತುತ್ತಿರಲಿಲ್ಲ. “ಈ ಬಟ್ಟೆಗೆ ಭಕ್ತೀನೇ ಇಲ್ಲ” ಎಂದು ಗೊಣಗುತ್ತಿದ್ದ.

ಇನ್ನು ನನ್ನ ಪಾಪ ಹೇಳಿಬಿಡುತ್ತೇನೆ. ಹೈಸ್ಕೂಲು ಮುಗಿಸಿ ಕಾಲೇಜಿಗೆಂದು ದಾವಣಗೆರೆಗೆ ಹೋದೆ. ಸೀಟು ಸಿಗಲಿಲ್ಲ. ಊರಲ್ಲಿ ಹೇಳಲು ನಾಚಿಕೆಯಾಗಿ ಅಲ್ಲೇ ಒಂದು ಸೈಕಲ್ ರಿಪೇರಿ ಶಾಪು ಸೇರಿದೆ. ವರ್ಷಗಳು ತುಂಬಿದ ಮೇಲೆ ಬಿ.ಎ. ಪಾಸು ಎಂದು ನಾನೇ ರಿಸಲ್ಟು ಪ್ರಕಟಿಸಿದೆ. ಸೆಕೆಂಡ್ ಕ್ಲಾಸ್ ಎಂದೆ. ಸುಳ್ಳಿಗೂ ಒಂದು ಮಿತಿ ಬೇಡವೆ?

ಮಾವ ಖುಷಿಯಾಗಿ ಅಳತೆ ತೆಗೆದ. ಚೀಟಿಯಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದು ಮಾವನ ಕೈಗೆ ಕೊಟ್ಟೆ. ಆ ಟೆರಿಲಿನ್ ಗಂಟು ಉಳಿದ ಗಂಟುಗಳ ಜೊತೆ ಅಂಗಡಿಯ ಮೊಳೆಗೆ ಜೋತುಬಿದ್ದು, ನಾನು ಹೋದಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ಮುಡಿಪಿನಲ್ಲಿ ಸುಳ್ಳು ಕಟ್ಟಿದವನಿಗೆ ನೆಮ್ಮದಿ ಎಲ್ಲಿಂದ?

ಎಂಬತ್ತರ ದಶಕದಲ್ಲಿ, ನನಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ಒಂದು ದಿನ ಮಾವ ಹೇಳಿದ, “ಕಣ್ಣು ಮಂಜಾದ್ವು. ಮುಡಿಪು ಒಪ್ಪಿಸಿ ಬರಾಣ, ನಡಿ ಅಳಿಯ.”

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತರು ಗಂಟಿನ ರಾಶಿ ನೋಡಿ ಕಣ್ಣರಳಿಸಿದರು. “ಈ ಹೆಸರೆಲ್ಲ ರಿಜಿಸ್ಟರಲ್ಲಿ ನೋಡ್ಬೇಕಾಗುತ್ತೆ.”

“ನಿಧಾನ ನೋಡ್ರಿ ಸ್ವಾಮಿ. ದೇವರ ಕೆಲಸ.”

ಒಂದೊಂದೇ ಗಂಟು ಬಿಚ್ಚಿತು. ಓಡಿಹೋಗೋಣವೆಂದರೆ ವಾಪಸು ಬಸ್ಸಿನ ದುಡ್ಡು ಮಾವನ ಜೇಬಿನಲ್ಲಿ. ಕೊನೆಗೆ ನನ್ನ ಬಿಳಿಚಿದ ಗಂಟು ಬಂತು. ಗುಮಾಸ್ತರು ಓದಿದರು: “ಇವನು ನನ್ನ ಅಳಿಯ. ಓದಿಲ್ಲ. ಇವನ ಮಕ್ಕಳು ಓದುತ್ತಾರೆ. ಇದು ಅವರ ಮುಡಿಪು.”

ಅದು ನಾನು ಬರೆದ ಚೀಟಿಯಾಗಿರಲಿಲ್ಲ. ಮಾವನ ಸೊಟ್ಟ ಅಕ್ಷರ.

“ಯಾರ ಹೆಸರಿಗೆ ಬರ್ಕೊಳ್ಳಲಿ?” ಎಂದರು ಗುಮಾಸ್ತರು.

“ಆ ಪದವೀಧರೆ ಈಗ ಅಂಗನವಾಡೀಲಿ ಅದಾಳ್ರೀ,” ಎಂದ ಮಾವ ನನ್ನ ಮಗಳನ್ನು ನೆನೆದು.

“ಹಾಗಾದ್ರೆ ಪಾಸಾದ ಮೇಲೆ ತನ್ನಿ,” ಎಂದು ಗಂಟು ವಾಪಸು ಕೊಟ್ಟರು.

ಹೊರಗೆ ಬಂದು ಕೇಳಿದೆ, “ಹೆಂಗೆ ಗೊತ್ತಾತು ಮಾವ?”

“ಕಾಲೇಜು ಹುಡುಗರ ಜೇಬಿಗೆ ಇಂಕು ಹತ್ತಿರ್ತೈತೆ. ನಿಂದಕ್ಕೆ ಗ್ರೀಸು. ಅಳತೆ ತಗೊಂಡ ದಿನಾನೇ ತಿಳೀತು.”

“ಅವತ್ತೇ ಬೈಬೋದಿತ್ತಲ್ಲ?”

“ಬೈದಿದ್ರೆ ನೀನು ಅಂಗಡಿ ಕಡಿಗೇ ಬರ್ತಿರಲಿಲ್ಲ.”

ವರ್ಷಗಳ ಭಾರ ಇಳಿದು, ಬಸ್ಸಿನಲ್ಲಿ ಹೊನ್ನಾಳಿಯವರೆಗೂ ಮಾವನ ಹೆಗಲ ಮೇಲೆ ಗೊರಕೆ ಹೊಡೆದೆನಂತೆ.

ಮಗಳು ಬಿ.ಎಸ್ಸಿ. ಪಾಸಾಗುವ ಹೊತ್ತಿಗೆ ಮಾವ ಇರಲಿಲ್ಲ. ಆ ಗಂಟನ್ನು ಅವಳ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದೆ. ಅವಳು ತನ್ನ ಚೀಟಿಯನ್ನೂ ಒಳಗಿಟ್ಟು ಮತ್ತೆ ಕಟ್ಟಲು ಹೋದಳು. ಬಟ್ಟೆ ಸಾಲಲಿಕ್ಕಿಲ್ಲ ಎಂದುಕೊಂಡೆ. ಸಾಲಿತು. ಅಂಚಿನಲ್ಲಿ ಮಾವ ಎರಡಿಂಚು ಮಡಚಿ ಬಿಟ್ಟಿದ್ದ.